ಮಾವ ನನ್ನ ಕಾಲು ಹಿಡಿದರು

ಕ್ಷಮೆ ಕೇಳೋಕೆ ಅಲ್ಲ, ಕೆಡವೋಕೆ.

ಎಂಟು ತಿಂಗಳಿಂದ ಬಾಕ್ಸಿಂಗ್ ಕಲಿಯುತ್ತಿದ್ದೇನೆ. ನಿಜವಾದ ಜಗಳದಲ್ಲಿ ಅದೆಷ್ಟು ಕೆಲಸಕ್ಕೆ ಬರುತ್ತೆ ಅನ್ನೋ ಪ್ರಶ್ನೆ ಇದ್ದೇ ಇತ್ತು. ಭಾನುವಾರ ಕೌಲ್ ಬಜಾರ್‌ನ ಮನೆ ಮಾಳಿಗೆ ಮೇಲೆ ಜ್ಯಾಬ್, ಕ್ರಾಸ್ ಅಂತ ಗುದ್ದುಗಳನ್ನು ಮಾವನಿಗೆ ತೋರಿಸುತ್ತಿದ್ದೆ. ವಯಸ್ಸಿನಲ್ಲಿ ಗರಡಿ ಮಣ್ಣು ಮೆತ್ತಿಕೊಂಡ ಮನುಷ್ಯ, ಸುಮ್ನೆ ನೋಡುತ್ತಿದ್ದರು. "ಹೊಡಿ ನೋಡೋಣ, ಅಳಿಯಾ" ಅಂದವರೇ ತಲೆ ತಗ್ಗಿಸಿ ನುಗ್ಗಿದರು. ನಾನು ಬೀಸಿದ ಹುಕ್ ಗಾಳಿಗೆ ಹೋಯಿತು. ಬೆನ್ನು ಕಾದ ಸಿಮೆಂಟಿಗೆ ಚುರ್ ಅಂತು. ಬಳ್ಳಾರಿ ಬಿಸಿಲು, ಗೊತ್ತಲ್ವಾ!

1993ರಲ್ಲಿ ಬೇರೆ ಬೇರೆ ಶೈಲಿಯ ಹೋರಾಟಗಾರರು ಸೆಣಸಿದ ಮೊದಲ ಯುಎಫ್‌ಸಿ ಸ್ಪರ್ಧೆಗೆ ಆರ್ಟ್ ಜಿಮ್ಮರ್ಸನ್ ಅನ್ನೋ ಬಾಕ್ಸರ್ ಒಂದೇ ಕೈಗೆ ಗ್ಲೌಸ್ ಹಾಕಿಕೊಂಡು ಬಂದಿದ್ದ. ನೆಲದ ಮೇಲೆ ಹಿಡಿದು ಸೆಣಸೋ ಜಿಯು-ಜಿಟ್ಸು ಪಟು ರಾಯ್ಸ್ ಗ್ರೇಸಿ ಅವನನ್ನು ಕೆಡವಿ ಮೇಲೆ ಕೂತ. ಜಿಮ್ಮರ್ಸನ್ ಸೋಲೊಪ್ಪಿಕೊಂಡ. ನನಗೂ ಜೊತೆಗೊಬ್ಬ ಸಿಕ್ಕ.

ಹಾಗಂತ ಬಾಕ್ಸಿಂಗ್ ದಂಡ ಅಲ್ಲ. ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಎಂಎಂಎ ಆಡುವವರೂ ಅದನ್ನು ಬೆವರು ಸುರಿಸಿಯೇ ಕಲಿಯುತ್ತಾರೆ. ಆದರೆ ಬೀದಿ ಜಗಳದಲ್ಲಿ ಕೈಗೆ ಪಟ್ಟಿಯೂ ಇಲ್ಲ, ಗ್ಲೌಸೂ ಇಲ್ಲ. ಬರಿ ಮುಷ್ಟಿಯಲ್ಲಿ ತಲೆಬುರುಡೆಗೆ ಗುದ್ದಿದರೆ ಕಿರುಬೆರಳ ಬುಡದ ಮೂಳೆಯೇ ಮುರಿಯಬಹುದು. ಅದಕ್ಕೆ ಡಾಕ್ಟರುಗಳು ಬಾಕ್ಸರ್ ಫ್ರ್ಯಾಕ್ಚರ್ ಅಂತಲೇ ಹೆಸರಿಟ್ಟಿದ್ದಾರೆ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಕಾಲು. ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕುಡುಕ ಕೈ ಬೀಸಿದ. ಯೋಚಿಸೋ ಮೊದಲೇ ನಾನು ಎರಡು ಹೆಜ್ಜೆ ಹಿಂದಿದ್ದೆ. ಅವನ ಕೈ ಕಂಬಕ್ಕೆ ಬಡಿಯಿತು. ನಾನು ಬಸ್ ಹತ್ತಿದೆ.

ಮುಂದಿನ ಭಾನುವಾರ ಕಾಲು ತಪ್ಪಿಸಿಕೊಳ್ಳೋದು ಹೇಗೆ ಅಂತ ಮಾವ ಕಲಿಸ್ತಾರಂತೆ. ನೋವಿನ ಎಣ್ಣೆ ಮಾತ್ರ ನಾನೇ ತರಬೇಕಂತೆ.