ಮನೆಯ ಸದ್ದಿಗೆ ತಕ್ಕ ಹಳೆಯ ವಾಲ್ವ್ ಆಂಪ್

ಕ್ಯಾಲಿಫೋರ್ನಿಯದಿಂದ ಬೆಂಗಳೂರಿಗೆ ಮರಳಲು ಎಂಟು ತಿಂಗಳು ಉಳಿದಿದ್ದಾಗ, ಗಿಟಾರಿಗೆಂದು ಒಂದು ಹಳೆಯ ವಾಲ್ವ್ ಆಂಪ್ಲಿಫೈಯರ್, ಅಂದರೆ ಗಾಜಿನ ನಿರ್ವಾತ ನಳಿಕೆಗಳಿಂದ ಸದ್ದನ್ನು ಹಿಗ್ಗಿಸುವ ಪೆಟ್ಟಿಗೆ, ಕೊಳ್ಳಲು ನಿರ್ಧರಿಸಿದೆ. ಅವು ತಯಾರಾದ ನಾಡಿನಲ್ಲೇ ಇದ್ದುದರಿಂದ ಚಿತ್ರ ನೋಡಿ ತರಿಸಿಕೊಳ್ಳುವ ಬದಲು ಎದುರು ಕುಳಿತು, ನುಡಿಸಿ, ಆರಿಸುವ ಅವಕಾಶ ನನಗಿತ್ತು. ಮೊದಲು ನೋಡಿದ್ದು 1970ರ ದಶಕದ ಫೆಂಡರ್ ಡಿಲಕ್ಸ್ ರಿವರ್ಬ್. ಮಾರುವವರು ಅದನ್ನು ತಮ್ಮ ಕಾರ್ ಶೆಡ್ಡಿನಲ್ಲಿಟ್ಟು, ವಾಲ್ಯೂಮನ್ನು 5ಕ್ಕೆ ತಿರುಗಿಸಿ, ಗಿಟಾರನ್ನು ನನ್ನ ಕೈಗೆ ಕೊಟ್ಟರು. ಮೆಲ್ಲಗೆ ಮೀಟಿದರೆ ತಿಳಿನೀರಿನಂತಹ ನಾದ, ಒತ್ತಿ ಮೀಟಿದರೆ ಅಂಚು ಸ್ವಲ್ಪ ಒರಟಾಗಿ ಎದೆಗೆ ತಾಗುವ ನಾದ, ಕೊಂಡೇಬಿಡೋಣ ಎನ್ನಿಸಿತು. ಆದರೆ ಹಣ ಕೊಡುವ ಮೊದಲು, ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ ಎಂದುಕೊಂಡು ನುಡಿಸುವಷ್ಟು ಸದ್ದಿಗೆ ಇಳಿಸಿ ನೋಡುತ್ತೇನೆ ಎಂದು ಕೇಳಿಕೊಂಡೆ. ವಾಲ್ಯೂಮ್ ಒಂದೂವರೆಗೆ ಬಂದಾಗ ಆ ಆಂಪ್ ಬೇರೆಯದೇ ವಸ್ತುವಾಗಿತ್ತು. ಮಂದ್ರದ ತಂತಿಗಳು ಬಲ ಕಳೆದುಕೊಂಡು, ತಾರದ ತಂತಿಗಳು ಚುಚ್ಚತೊಡಗಿದವು.

ಆ ಸಂಜೆ ನಾನು ಕಲಿತದ್ದನ್ನೇ ಇಲ್ಲಿ ಬರೆಯಬೇಕೆಂದಿದ್ದೇನೆ. ಮನೆಗಾಗಿ ಆಂಪ್ ಆರಿಸುವವರು, ಮನೆಯಲ್ಲಿ ದಿನವೂ ನುಡಿಸಲಿರುವ ಸದ್ದಿನ ಮಟ್ಟದಲ್ಲೇ ಅದನ್ನು ಕೇಳಿ ತೀರ್ಮಾನಿಸಬೇಕು. ಆಂಪ್‌ನ ಹೆಸರು, ವರ್ಷ, ಬೆಲೆ, ಅದನ್ನು ಬಳಸಿದ ಕಲಾವಿದರು ಎಲ್ಲವೂ ಆಮೇಲಿನ ಮಾತು.

ಡಿಲಕ್ಸ್ ರಿವರ್ಬ್ ಕಡಿಮೆ ಸದ್ದಿನಲ್ಲಿ ತೆಳುವಾಗಲು ಎರಡು ಕಾರಣಗಳಿವೆ. ಮೊದಲನೆಯದು ನಮ್ಮ ಕಿವಿಯದೇ ಗುಣ: ಸದ್ದು ಇಳಿದಂತೆ ಕಿವಿ ಮಂದ್ರದ ಧ್ವನಿಗಳನ್ನು ಮಧ್ಯದ ಧ್ವನಿಗಳಿಗಿಂತ ಬೇಗ ಕಳೆದುಕೊಳ್ಳುತ್ತದೆ. ಎರಡನೆಯದು ಸರ್ಕ್ಯೂಟಿನೊಳಗಿದೆ. ಆ ಆಂಪ್‌ಗೆ ಗಿಟಾರ್ ಜೋಡಿಸಲು ಎರಡು ಚಾನೆಲ್‌ಗಳಿವೆ. ವೈಬ್ರಾಟೊ ಚಾನೆಲ್ಲಿನಲ್ಲಿ ವಾಲ್ಯೂಮ್ ಗುಂಡಿಯ ಮೇಲೆ 47 ಪಿಕೊಫ್ಯಾರಡ್‌ನ ಒಂದು ಪುಟ್ಟ ಕೆಪಾಸಿಟರ್ ಇದೆ. ಗುಂಡಿಯನ್ನು ಎಷ್ಟೇ ಇಳಿಸಿದರೂ ಎತ್ತರದ ಧ್ವನಿಗಳು ಅದರ ಮೂಲಕ ದಾಟಿಹೋಗುತ್ತವೆ. ಗುಂಡಿ ಮೇಲೇರಿದಷ್ಟೂ ಅದರ ಪ್ರಭಾವ ಕರಗುತ್ತದೆ. ಜನರಿಂದ ತುಂಬಿದ ಸಭಾಂಗಣದ ಸದ್ದಿನಲ್ಲಿ ಅಷ್ಟಾಗಿ ಗಮನಕ್ಕೆ ಬಾರದ ಆ ಭಾಗವೇ, ಹತ್ತಡಿ ಅಗಲದ ಕೋಣೆಯಲ್ಲಿ ಕಿವಿಗೆ ಮುಳ್ಳಾಗುತ್ತದೆ. ಆ ಆಂಪ್‌ನದೇ ನಾರ್ಮಲ್ ಚಾನೆಲ್ಲಿನಲ್ಲಿ ಈ ಕೆಪಾಸಿಟರ್ ಇಲ್ಲ, ಅಲ್ಲಿ ನಾದ ಮೃದುವಾಗಿಯೇ ಇರುತ್ತದೆ. ಆದರೆ ಅಲ್ಲಿಗೆ ರಿವರ್ಬ್, ಅಂದರೆ ನಾದದ ಹಿಂದೆ ಉಳಿಯುವ ಪ್ರತಿಧ್ವನಿ, ಬರುವುದಿಲ್ಲ.

ವಾಟ್‌ಗಳ ಲೆಕ್ಕವನ್ನೂ ಹೇಳಬೇಕು, ಏಕೆಂದರೆ ಕೊಳ್ಳುವವರು ಹೆಚ್ಚು ಎಡವುವುದು ಇಲ್ಲಿಯೇ. ಡಿಲಕ್ಸ್ ರಿವರ್ಬ್ 22 ವಾಟ್‌ನದು, ಅದೇ ಕಂಪನಿಯ ಪುಟ್ಟ ಆಂಪ್ ಆದ ಫೆಂಡರ್ ಚಾಂಪ್ ಸುಮಾರು 5 ವಾಟ್‌ನದು. ಸದ್ದು ನಾಲ್ಕು ಪಟ್ಟು ವ್ಯತ್ಯಾಸವಾಗುತ್ತದೆ ಎಂದು ತೋರಿದರೂ ಸ್ಪೀಕರ್ ಒಂದೇ ಆಗಿದ್ದರೆ ಅಂತರ ಆರೂವರೆ ಡೆಸಿಬೆಲ್‌ನಷ್ಟು ಮಾತ್ರ. ಕಿವಿಗೆ ಸದ್ದು ಇಮ್ಮಡಿಯಾದಂತೆ ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು. ಹಾಗೆಯೇ 5 ವಾಟ್ ಎಂದರೆ ಮೆಲುದನಿಯೆಂದು ತಿಳಿಯುವುದೂ ತಪ್ಪು. 1 ವಾಟ್‌ಗೆ 1 ಮೀಟರ್ ದೂರದಲ್ಲಿ 92 ಡೆಸಿಬೆಲ್ ಕೊಡುವ ಸಾಧಾರಣ ಎಂಟಂಗುಲದ ಸ್ಪೀಕರ್ 5 ವಾಟ್‌ಗೆ 99 ಡೆಸಿಬೆಲ್ ಮುಟ್ಟುತ್ತದೆ. ನಮ್ಮ ದೇಶದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ 45 ಡೆಸಿಬೆಲ್‌ಗಳ ಮಿತಿ ಇಟ್ಟಿವೆ ಎಂಬುದನ್ನು ಇದರ ಪಕ್ಕಕ್ಕಿಟ್ಟು ನೋಡಿದರೆ, ಚಾಂಪ್‌ನಂತಹ ಪುಟ್ಟ ಆಂಪ್ ಕೂಡ ಮನೆಯಲ್ಲಿ ಪೂರ್ತಿ ತೆರೆದುಕೊಳ್ಳುವ ದಿನಗಳು ಅಪರೂಪವೆಂದು ತಿಳಿಯುತ್ತದೆ. ಚಿಕ್ಕ ಆಂಪ್ ಆರಿಸಲು ನಾನು ಕಂಡುಕೊಂಡ ಕಾರಣ ಅದರ ಸದ್ದು ಕಡಿಮೆ ಎಂಬುದಲ್ಲ. ಅದರ ಸರಳ ಸರ್ಕ್ಯೂಟು ಮೆಲುದನಿಯಲ್ಲಿಯೂ ತನ್ನ ಗುಣವನ್ನು ಬಿಟ್ಟುಕೊಡುವುದಿಲ್ಲ ಎಂಬುದು.

ಚಾಂಪ್‌ನ ಹಿನ್ನೆಲೆಯೂ ಮನೆಯದೇ. ಲಿಯೊ ಫೆಂಡರ್ 1938ರಲ್ಲಿ ಕ್ಯಾಲಿಫೋರ್ನಿಯದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದವರು. ಅವರ ಕಂಪನಿ ಕಲಿಯುವವರಿಗೆಂದು ತಯಾರಿಸಿದ ಅತಿ ಚಿಕ್ಕ ಆಂಪ್‌ಗಳಲ್ಲಿ ಚಾಂಪ್ ಒಂದು. 1950ರ ದಶಕದ ಕೊನೆಯ ಭಾಗದ, ಟ್ವೀಡ್ ಬಟ್ಟೆ ಹೊದಿಸಿದ 5ಎಫ್1 ಮಾದರಿಯಲ್ಲಿ ಇರುವುದು ವಾಲ್ಯೂಮಿನ ಒಂದೇ ಗುಂಡಿ. 1964ರಲ್ಲಿ ಕಪ್ಪು ಫಲಕದ ಎಎ764 ಮಾದರಿ ಬಂದಾಗ ಟ್ರೆಬಲ್ ಮತ್ತು ಬಾಸ್ ಗುಂಡಿಗಳು ಸೇರಿಕೊಂಡವು. 1965ರ ಆರಂಭದಲ್ಲಿ ಕಂಪನಿಯನ್ನು ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ ಕೊಂಡಿತು, 1968ರಲ್ಲಿ ಫಲಕ ಬೆಳ್ಳಿಯ ಬಣ್ಣಕ್ಕೆ ತಿರುಗಿತು. ಕೊಳ್ಳುವವರು ನೆನಪಿಡಬೇಕಾದದ್ದು ಇಷ್ಟು: ಉಳಿದ ಹಲವು ಮಾದರಿಗಳಲ್ಲಿ ಸರ್ಕ್ಯೂಟುಗಳು ಬದಲಾದರೂ ಬೆಳ್ಳಿ ಫಲಕದ ಚಾಂಪ್‌ನೊಳಗೆ ಅದೇ ಎಎ764 ಮುಂದುವರಿಯಿತು. ಕಪ್ಪು ಫಲಕಕ್ಕೆ ಕೊಡುವ ಹೆಚ್ಚಿನ ಬೆಲೆ ಬಹುಪಾಲು ಬಣ್ಣಕ್ಕೆ ಮತ್ತು ವಯಸ್ಸಿಗೆ ಸಲ್ಲುತ್ತದೆ.

ಅದರೊಳಗೆ ಇರುವುದು ಮೂರೇ ವಾಲ್ವ್‌ಗಳು. 12ಎಎಕ್ಸ್7 ಗಿಟಾರಿನ ಕ್ಷೀಣ ಸಂಕೇತವನ್ನು ಎರಡು ಹಂತಗಳಲ್ಲಿ ಹಿಗ್ಗಿಸುತ್ತದೆ, 6ವಿ6ಜಿಟಿ ಅದಕ್ಕೆ ಸ್ಪೀಕರನ್ನು ನಡೆಸುವ ಶಕ್ತಿ ಕೊಡುತ್ತದೆ, 5ವೈ3ಜಿಟಿ ಎಸಿ ವಿದ್ಯುತ್ತನ್ನು ಡಿಸಿಯಾಗಿಸುತ್ತದೆ. ವೈಬ್ರೊ ಚಾಂಪ್ ಎಂಬ ಅದರ ಜೊತೆಯ ಮಾದರಿಯಲ್ಲಿ ಟ್ರೆಮೊಲೊಗಾಗಿ, ಅಂದರೆ ಸದ್ದು ಅಲೆಯಂತೆ ಏರಿಳಿಯಲು, ಇನ್ನೊಂದು 12ಎಎಕ್ಸ್7 ಇರುತ್ತದೆ. 6ವಿ6ರ ಬಯಾಸ್, ಅಂದರೆ ನುಡಿಸದಿರುವಾಗಲೂ ಅದರಲ್ಲಿ ಹರಿಯುವ ವಿದ್ಯುತ್ತಿನ ಮಟ್ಟ, ಅದರ ಕ್ಯಾಥೋಡಿನ ರೆಸಿಸ್ಟರಿನಿಂದ ತಾನಾಗಿ ಹೊಂದಿಕೊಳ್ಳುವುದರಿಂದ, ವಾಲ್ವ್ ಬದಲಿಸಿದಾಗ ಪ್ರತಿ ಸಲ ತಂತ್ರಜ್ಞರ ಬಳಿಗೆ ಓಡಬೇಕಾಗಿಲ್ಲ. ಎರಡು 6ವಿ6, 12 ವಾಟ್, ಹತ್ತಂಗುಲದ ಸ್ಪೀಕರ್ ಮತ್ತು ರಿವರ್ಬ್ ಇರುವ ಪ್ರಿನ್ಸ್‌ಟನ್ ರಿವರ್ಬನ್ನೂ ನಾನು ನುಡಿಸಿ ನೋಡಿದೆ. ಅದು ಸುಂದರವಾದ ಆಂಪ್, ಹಣವಿದ್ದವರು ಕಣ್ಣುಮುಚ್ಚಿ ಕೊಳ್ಳಬಹುದು. ನನ್ನ ಕೈಗೆ ಅದು ಎಟುಕಲಿಲ್ಲ.

ಚಾಂಪ್ ಎಂದು ನಿಶ್ಚಯವಾದ ಮೇಲೆ ಯಾವ ಚಾಂಪ್ ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಒಬ್ಬರು ತಮ್ಮ ಆಂಪನ್ನು ಕಾರ್ಖಾನೆಯಿಂದ ಬಂದಾಗಿನಿಂದ ಯಾರೂ ತೆರೆದೇ ಇಲ್ಲವೆಂದು ಹೆಮ್ಮೆಯಿಂದ ಹೇಳಿದರು. ಸಂಗ್ರಾಹಕರಿಗೆ ಅದು ಹೊಗಳಿಕೆ. ನುಡಿಸುವವರಿಗೆ ಎಚ್ಚರಿಕೆಯ ಮಾತು. ಅದರೊಳಗೆ ಡಿಸಿ ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ ಎಲೆಕ್ಟ್ರೊಲಿಟಿಕ್ ಫಿಲ್ಟರ್ ಕೆಪಾಸಿಟರ್‌ಗಳು ಇಪ್ಪತ್ತು ವರ್ಷ ಬಾಳಿದರೇ ಹೆಚ್ಚು. ಒಣಗಿದ ಮೇಲೆ ಅವು ಗುಂಯ್ ಎಂಬ ಸದ್ದು ತರುವುದಷ್ಟೇ ಅಲ್ಲ, ಒಡೆದು ಶಾರ್ಟ್ ಆದರೆ ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವನ್ನೂ ಪವರ್ ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಹಾಕಬಲ್ಲವು. ನಾನು ಆ ಆಂಪನ್ನು ಬಿಟ್ಟು, ಫಿಲ್ಟರ್ ಕೆಪಾಸಿಟರ್‌ಗಳನ್ನು ಒಪ್ಪವಾಗಿ ಬದಲಿಸಿದ್ದ, ಆದರೆ ಎರಡೂ ಟ್ರಾನ್ಸ್‌ಫಾರ್ಮರ್‌ಗಳು ಮೂಲದವೇ ಆಗಿದ್ದ ಇನ್ನೊಂದನ್ನು ಆರಿಸಿದೆ. ಸವೆಯುವ ಭಾಗಗಳು ಹೊಸದಾಗಿರಲಿ, ನಾದವನ್ನು ರೂಪಿಸುವ ಭಾಗಗಳು ಹಳೆಯವೇ ಇರಲಿ ಎಂಬುದು ನನ್ನ ಅಳತೆಗೋಲು.

ಮೂಲದ ಟ್ರಾನ್ಸ್‌ಫಾರ್ಮರ್ ಹೌದೋ ಅಲ್ಲವೋ ಎಂಬುದನ್ನು ಅದರ ಮೇಲೆ ಒತ್ತಿರುವ ಅಂಕಿಗಳಿಂದ ಓದಬಹುದು. ಮೊದಲ ಮೂರು ಅಂಕಿಗಳು ತಯಾರಕರ ಗುರುತು: 606 ಎಂದರೆ ಶೂಮಾಕರ್. ಸ್ಪೀಕರಿನ ಮೇಲೆ 220 ಇದ್ದರೆ ಜೆನ್ಸನ್, 465 ಇದ್ದರೆ ಆಕ್ಸ್‌ಫರ್ಡ್, 137 ಇದ್ದರೆ ಸಿಟಿಎಸ್. ಮುಂದಿನ ಅಂಕಿ ವರ್ಷದ ಕೊನೆಯ ಅಂಕಿ, ಕೊನೆಯ ಎರಡು ಆ ವರ್ಷದ ವಾರ. 606725 ಎಂದಿದ್ದರೆ ಅದು ಏಳರಲ್ಲಿ ಕೊನೆಗೊಳ್ಳುವ ವರ್ಷದ 25ನೇ ವಾರ. 1967 ಅಥವಾ 1977 ಎಂಬುದನ್ನು ಫಲಕದ ಬಣ್ಣ ನೋಡಿ ನಿರ್ಧರಿಸಬೇಕು. ನನ್ನದರಲ್ಲಿ 606318 ಎಂದಿತ್ತು. ಬೆಳ್ಳಿ ಫಲಕವಿದ್ದುದರಿಂದ ಅದು 1963ರದಾಗಿರಲು ಸಾಧ್ಯವಿರಲಿಲ್ಲ. 1973ರ ವಸಂತದಲ್ಲಿ ಸುತ್ತಿದ ತಂತಿ ಅದು.

ಇಷ್ಟಾದ ಮೇಲೆ ಕಿವಿಯ ಪರೀಕ್ಷೆ. ಗಿಟಾರ್ ಜೋಡಿಸದೆ ಆಂಪನ್ನು ಹತ್ತು ನಿಮಿಷ ಕಾಯಲು ಬಿಟ್ಟು ಬರಿಯ ಗುಂಯ್‌ಗುಡುವಿಕೆಯನ್ನು ಕೇಳಬೇಕು. ಒಂದೇ ಪವರ್ ವಾಲ್ವ್ ಇರುವ ಆಂಪ್‌ನಲ್ಲಿ, ಎರಡು ವಾಲ್ವ್‌ಗಳು ಎದುರುಬದುರಾಗಿ ಕೆಲಸ ಮಾಡುವಾಗ ಆಗುವಂತೆ ಈ ಸದ್ದು ತನ್ನಿಂದ ತಾನೇ ಅಳಿಸಿಹೋಗುವುದಿಲ್ಲ. ಸ್ವಲ್ಪ ಇದ್ದೇ ಇರುತ್ತದೆ. ಅದರ ಶ್ರುತಿಯನ್ನು ಗುರುತಿಸಿದರೆ ರೋಗದ ಮೂಲವೂ ಸಿಗುತ್ತದೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಫಿಲ್ಟರ್ ಕೆಪಾಸಿಟರಿನ ದೋಷ 100 ಹರ್ಟ್ಸ್‌ನಲ್ಲಿ ಕೇಳಿಸುತ್ತದೆ, ಅಂದರೆ ಗಿಟಾರಿನ ಆರನೆಯ ತಂತಿಯ ಮೂರನೆಯ ಫ್ರೆಟ್ಟಿಗಿಂತ ಕೂದಲೆಳೆಯಷ್ಟು ಮೇಲೆ. ಅದಕ್ಕಿಂತ ಒಂದು ಸ್ಥಾಯಿ ಕೆಳಗೆ ಕೇಳಿಸಿದರೆ ವಾಲ್ವ್‌ಗಳನ್ನು ಒಳಗಿನಿಂದ ಬಿಸಿಮಾಡುವ ಹೀಟರ್ ಅಥವಾ ವೈರಿಂಗ್ ಕಡೆ ನೋಡಬೇಕು. ಬಳಿಕ ಪೆನ್ಸಿಲಿನಿಂದ 12ಎಎಕ್ಸ್7ರ ಗಾಜನ್ನು ಮೆಲ್ಲಗೆ ತಟ್ಟಿದಾಗ ಸ್ಪೀಕರಿನಿಂದ ಗಂಟೆಯಂತೆ ಮೊಳಗಿದರೆ ಆ ವಾಲ್ವ್ ಬದಲಾಗಬೇಕು. ಗುಂಡಿಗಳ ಕರಕರ ಸದ್ದಿಗೆ ಹೆದರಬೇಕಾಗಿಲ್ಲ, ಅದು ಶುಚಿಗೊಳಿಸಿದರೆ ಹೋಗುತ್ತದೆ. ಸುಟ್ಟ ವಾಸನೆಯೊಂದಿದ್ದರೆ ಮಾತ್ರ ಎದ್ದು ಬರಬೇಕು.

ಜೀವಕ್ಕೆ ಸಂಬಂಧಿಸಿದ ಒಂದು ಮಾತನ್ನು ಒತ್ತಿ ಹೇಳುತ್ತೇನೆ. 1960ರ ದಶಕದ ಅನೇಕ ಅಮೆರಿಕನ್ ಆಂಪ್‌ಗಳಿಗೆ ಎರಡೇ ಪಿನ್ನಿನ ತಂತಿ ಇತ್ತು, ಮತ್ತು ಮೇನ್ಸ್‌ನಿಂದ ಲೋಹದ ಚಾಸಿಗೆ ನೇರವಾಗಿ ಒಂದು ಕೆಪಾಸಿಟರ್ ಜೋಡಿಸಲಾಗಿತ್ತು. ಅದು ಕೆಟ್ಟು ಶಾರ್ಟ್ ಆದರೆ ಮೇನ್ಸ್ ವೋಲ್ಟೇಜು ಚಾಸಿಯಿಂದ ಕೇಬಲಿಗೆ, ಕೇಬಲಿನಿಂದ ಗಿಟಾರಿನ ತಂತಿಗಳಿಗೆ ಬರುತ್ತದೆ. ಆ ಕೆಪಾಸಿಟರನ್ನು ತೆಗೆಸಿ, ಭೂಸಂಪರ್ಕವಿರುವ ಮೂರು ಪಿನ್ನಿನ ತಂತಿ ಹಾಕಿಸದೆ ಅಂತಹ ಆಂಪನ್ನು ನುಡಿಸಬಾರದು. ಪವರ್ ಟ್ರಾನ್ಸ್‌ಫಾರ್ಮರೇ ಇಲ್ಲದೆ, 50ಸಿ5 ಮತ್ತು 35ಡಬ್ಲ್ಯು4ರಂತಹ ವಾಲ್ವ್‌ಗಳನ್ನು ನೇರ ಮೇನ್ಸ್‌ಗೆ ಕಟ್ಟಿದ ಅಗ್ಗದ ಆಂಪ್‌ಗಳೂ ಹಳೆಯ ಮಾರುಕಟ್ಟೆಯಲ್ಲಿ ಸಿಗುತ್ತವೆ. ಅವುಗಳನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಚಾಂಪ್‌ನೊಳಗೂ 300ಕ್ಕೂ ಹೆಚ್ಚು ವೋಲ್ಟ್ ಇರುತ್ತದೆ, ಮತ್ತು ಪ್ಲಗ್ ಕಿತ್ತ ಮೇಲೂ ಅದು ಕೆಪಾಸಿಟರ್‌ಗಳಲ್ಲಿ ಉಳಿದಿರಬಹುದು. ತಿಳಿದವರಲ್ಲದೆ ಬೇರೆಯವರು ಕೈ ಹಾಕಬಾರದು.

ಬೆಂಗಳೂರಿಗೆ ಬರುವಾಗ ವಾಲ್ವ್‌ಗಳನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡೆ. ಆಂಪ್ 23 ಕಿಲೋ ಮಿತಿಯ ಪೆಟ್ಟಿಗೆಯಲ್ಲಿ ಆರಾಮವಾಗಿ ಬಂತು. ಇಲ್ಲಿ ಎದುರಾದದ್ದು ವಿದ್ಯುತ್ತಿನ ಪ್ರಶ್ನೆ. ಅದರ ಟ್ರಾನ್ಸ್‌ಫಾರ್ಮರ್ 117 ವೋಲ್ಟ್, 60 ಹರ್ಟ್ಸ್‌ಗೆ ಸುತ್ತಿದ್ದು. ನಮ್ಮಲ್ಲಿರುವುದು 230 ವೋಲ್ಟ್, 50 ಹರ್ಟ್ಸ್. ವೋಲ್ಟೇಜನ್ನು ಇಳಿಸುವುದು ಸುಲಭ, ಆವರ್ತನವನ್ನು ಬದಲಿಸುವುದು ಸುಲಭವಲ್ಲ. ಟ್ರಾನ್ಸ್‌ಫಾರ್ಮರಿನ ಕಬ್ಬಿಣದೊಳಗಿನ ಕಾಂತೀಯ ಒತ್ತಡವು ವೋಲ್ಟೇಜನ್ನು ಆವರ್ತನದಿಂದ ಭಾಗಿಸಿದಷ್ಟಿರುವುದರಿಂದ, 50 ಹರ್ಟ್ಸ್‌ನಲ್ಲಿ ಅದಕ್ಕೆ 117 ವೋಲ್ಟನ್ನೇ ಕೊಟ್ಟರೆ ಒತ್ತಡ ಐದನೇ ಒಂದು ಪಾಲು ಹೆಚ್ಚಾಗಿ ಅದು ವಿಪರೀತ ಕಾಯುತ್ತದೆ. ತೀರಾ ಇಳಿಸಿ 100 ವೋಲ್ಟ್ ಕೊಟ್ಟರೆ, 6.3 ವೋಲ್ಟ್ ಇರಬೇಕಾದ ಹೀಟರುಗಳಿಗೆ 5.4 ಮಾತ್ರ ಸಿಕ್ಕಿ ವಾಲ್ವ್‌ಗಳು ಸೊರಗುತ್ತವೆ. ಹಾಗಾಗಿ ಸುಮಾರು 110 ವೋಲ್ಟ್ ಕೊಡುವ, 150 ವಿಎ ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರನ್ನು ಹೇಳಿ ಮಾಡಿಸಿದೆ. ಅಂಗಡಿಗಳಲ್ಲಿ ಸಿಗುವ ಹಲವು ಪೆಟ್ಟಿಗೆಗಳಲ್ಲಿ ಒಳಬರುವ ಮತ್ತು ಹೊರಹೋಗುವ ಸುರುಳಿಗಳು ಬೇರೆಬೇರೆಯಾಗಿರುವುದಿಲ್ಲ, ಹೊರಕಂಡಿಯಲ್ಲಿ ಭೂಸಂಪರ್ಕವೂ ಇರುವುದಿಲ್ಲ. ಎರಡು ಪ್ರತ್ಯೇಕ ಸುರುಳಿಗಳು ಬೇಕು, ಭೂಸಂಪರ್ಕದ ತಂತಿ ಆಂಪ್‌ವರೆಗೂ ಹೋಗಬೇಕು ಎಂದು ಸ್ಪಷ್ಟವಾಗಿ ಹೇಳಬೇಕಾಗುತ್ತದೆ.

ಭಾರತದಲ್ಲೇ ಕುಳಿತು ಆರಿಸುವವರಿಗೆ ಬ್ರಿಟನ್ನಿನ ಆಂಪ್‌ಗಳು ಈ ದೃಷ್ಟಿಯಿಂದ ಹೆಚ್ಚು ಸಹಜ. 1960ರ ದಶಕದ ಆರಂಭದ ವಾಕ್ಸ್ ಎಸಿ4 ಕೂಡ ಎಂಟಂಗುಲದ ಸ್ಪೀಕರಿನ, 4 ವಾಟ್‌ನ ಪುಟ್ಟ ಆಂಪ್. ಅಲ್ಲಿನ 50 ಹರ್ಟ್ಸ್ ವಿದ್ಯುತ್ತಿಗೆಂದೇ ತಯಾರಾದದ್ದು. ಅದರ ಪವರ್ ವಾಲ್ವ್ ಇಎಲ್84. ನಮ್ಮ ಹಿರಿಯರ ಮನೆಗಳ ವಾಲ್ವ್ ರೇಡಿಯೊಗಳಲ್ಲೂ ಅದು ಸಾಮಾನ್ಯವಾಗಿತ್ತು. ಸ್ವಿಚ್ ಹಾಕಿ, ಕಾಯುವವರೆಗೆ ಕಾದು, ಆಮೇಲೆ ವಾರ್ತೆ ಕೇಳುತ್ತಿದ್ದ ಆ ರೇಡಿಯೊಗಳ ವಾಲ್ವ್‌ಗಳು ಬಹಳಷ್ಟು ತಯಾರಾದದ್ದು ಬೆಂಗಳೂರಿನಲ್ಲೇ, ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ. 1961ರಲ್ಲಿ ಅಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆ ಶುರುವಾಯಿತು. ಇಂದು ಬಿಇಎಲ್ ಎಂದು ಮುದ್ರಿಸಿದ ಇಎಲ್84 ಮತ್ತು ಇಸಿಸಿ83 ವಾಲ್ವ್‌ಗಳನ್ನು ಹೊರದೇಶಗಳ ಗಿಟಾರ್ ವಾದಕರೂ ಹುಡುಕಿ ಕೊಳ್ಳುತ್ತಾರೆ. ಇಸಿಸಿ83 ಎಂಬುದು 12ಎಎಕ್ಸ್7ರದೇ ಯುರೋಪಿನ ಹೆಸರು.

ಹಳೆಯ ರೇಡಿಯೊ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ನನಗೆ ಅಂತಹ ಮೂರು ಇಸಿಸಿ83ಗಳು ಪೆಟ್ಟಿಗೆ ಸಮೇತ ಸಿಕ್ಕವು. ಒಂದು ತಟ್ಟಿದರೆ ಮೊಳಗುತ್ತಿತ್ತು, ಇನ್ನೊಂದರಲ್ಲಿ ಸರಸರ ಸದ್ದಿತ್ತು, ಮೂರನೆಯದು ನಿರ್ಮಲವಾಗಿತ್ತು. ಅದನ್ನು ಚಾಂಪ್‌ನ ಮೊದಲ ಸಾಕೆಟ್ಟಿಗೆ ಹಾಕಿದ್ದೇನೆ. 6ವಿ6 ಸ್ಲೊವಾಕಿಯದಲ್ಲಿ ತಯಾರಾದ ಹೊಸದು. ಮಂದ್ರದ ಕಂಪನ ನೆಲದ ಮೂಲಕ ಕೆಳಗಿನ ಮನೆಗೆ ಇಳಿಯದಂತೆ ಆಂಪನ್ನು ದಪ್ಪ ರಬ್ಬರಿನ ಮೇಲೆ, ಮರದ ಮಣೆಯೊಂದರ ಮೇಲೆ ಇಟ್ಟಿದ್ದೇನೆ. ಸಂಜೆ ಏಳರಿಂದ ಎಂಟರವರೆಗೆ ನುಡಿಸುತ್ತೇನೆ, ವಾಲ್ಯೂಮ್ ಎರಡೂವರೆಯನ್ನು ದಾಟುವುದಿಲ್ಲ. ಆರನೆಯ ತಂತಿಯನ್ನು ಹೆಬ್ಬೆರಳಿನಿಂದ ಮೀಟಿದಾಗ ಆ ಎಂಟಂಗುಲದ ಸ್ಪೀಕರಿನಿಂದ ಬರುವ ನಾದ ಕೋಣೆಯನ್ನು ತುಂಬುತ್ತದೆ, ಬಾಗಿಲಾಚೆ ಅಡುಗೆಮನೆಯ ಮಾತುಗಳು ನನಗೆ ಸ್ಪಷ್ಟವಾಗಿ ಕೇಳಿಸುತ್ತಿರುತ್ತವೆ.