ಮಳೆ ಬಾರದೂರಿನ ಮಣ್ಣಿನ ಗೋಡೆಗಳು: ತ್ರುಹಿಯೊದಲ್ಲಿ ಒಂದು ದಿನ

ಪೆರು ದೇಶದ ಉತ್ತರ ಕರಾವಳಿಯ ತ್ರುಹಿಯೊ (ನಕ್ಷೆಯ ಇಂಗ್ಲಿಷ್ ಅಕ್ಷರ ನೋಡಿ ನಾವು ಓದಿಕೊಳ್ಳುವುದು ಟ್ರುಜಿಲ್ಲೊ) ಲಿಮಾದಿಂದ ಸುಮಾರು 560 ಕಿ.ಮೀ. ದೂರ. ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ತಿಂಡಿಯ ಹೊತ್ತಿಗೆ ಇಳಿಯಬಹುದು. ಹೆಚ್ಚಿನ ದಿನಗಳಲ್ಲಿ ಬೆಳಗಿನ ಆಕಾಶ ಬೂದುಬಣ್ಣಕ್ಕಿರುತ್ತದೆ. ಇನ್ನೇನು ಮಳೆ ಬಂತು ಅನ್ನಿಸುತ್ತದೆ, ಬರುವುದಿಲ್ಲ. ದಕ್ಷಿಣದಿಂದ ತೀರದುದ್ದಕ್ಕೂ ಹರಿದು ಬರುವ ಹಂಬೋಲ್ಟ್ ಪ್ರವಾಹ ಸಮುದ್ರವನ್ನು ತಣ್ಣಗಿಡುತ್ತದೆ. ಆ ತಂಪು ಗಾಳಿ ಮೇಲೇಳದೆ ಅಲ್ಲೇ ಮಂಜಾಗಿ ಕೂರುತ್ತದೆ, ಮಳೆಮೋಡ ಕಟ್ಟುವ ಎತ್ತರಕ್ಕೆ ಹೋಗುವುದೇ ಇಲ್ಲ. ಆಗುಂಬೆಯಲ್ಲಿ ಜುಲೈ ತಿಂಗಳ ಒಂದು ಬೆಳಗ್ಗೆ ಸುರಿಯುವ ಮಳೆ ಇಲ್ಲಿ ಮಾಮೂಲಿ ವರ್ಷದಲ್ಲಿ ಹನ್ನೆರಡು ತಿಂಗಳಿಗೂ ಬೀಳುವುದಿಲ್ಲ. ಹಾಗಾಗಿಯೇ ಇಲ್ಲಿಯ ಗುಡಿ, ಅರಮನೆ, ಕೊನೆಗೆ ಸ್ಪೇನಿನವರು ಕಟ್ಟಿದ ಕೋಟೆಗೋಡೆಯೂ ಸುಡದ ಮಣ್ಣಿನ ಇಟ್ಟಿಗೆಯದು.

ಬೆಳಗ್ಗೆ ಮೊದಲು ವಾಕಾ ದೆ ಲಾ ಲೂನಾಕ್ಕೆ, ಅಂದರೆ ಚಂದ್ರನ ಗುಡಿಗೆ ಹೋಗುವುದು ಒಳ್ಳೆಯದು. ಮಧ್ಯಾಹ್ನವಾಗುತ್ತಲೇ ಸಮುದ್ರದ ಗಾಳಿ ಎದ್ದು ಮರಳನ್ನು ಕಣ್ಣಿಗೇ ತೂರುತ್ತದೆ, ಕ್ಯಾಮೆರಾದ ಲೆನ್ಸಿಗೂ ಅದು ಒಳ್ಳೆಯದಲ್ಲ. 'ಕಾಂಪಿನ್ಯಾ ದೆ ಮೊಚೆ' ಎಂದು ಬರೆದ ವ್ಯಾನುಗಳು ಅಗ್ಗ. ಟ್ಯಾಕ್ಸಿಯಾದರೆ ಹತ್ತುವ ಮೊದಲೇ ದರ ಮಾತಾಡಿಕೊಳ್ಳಬೇಕು, ಇಲ್ಲಿ ಮೀಟರ್ ಇಲ್ಲ. ಒಳಗೆ ಗೈಡ್ ಜೊತೆ ಗುಂಪಾಗಿಯೇ ಬಿಡುತ್ತಾರೆ. ಇಂಗ್ಲಿಷ್ ಗುಂಪು ಸೇರಲು ಸ್ವಲ್ಪ ಕಾಯಬೇಕಾದರೂ ಸ್ಪ್ಯಾನಿಷ್ ಗುಂಪಿನ ಹಿಂದೆ ಸುಮ್ಮನೆ ಸುತ್ತುವುದಕ್ಕಿಂತ ಕಾಯುವುದೇ ವಾಸಿ. ಗೈಡ್ ಹೇಳದಿದ್ದರೆ ಅರ್ಧ ಗೋಡೆ ಬರೀ ಮಣ್ಣಾಗಿಯೇ ಕಾಣುತ್ತದೆ.

ಇದು ಮೊಚೆ ಜನ ಕಟ್ಟಿದ್ದು, ಸುಮಾರು ಕ್ರಿ.ಶ. 100ರಿಂದ 800ರ ಕಾಲ. ಸೆರೊ ಬ್ಲಾಂಕೊ ಎಂಬ ಬೋಳು ಬೆಟ್ಟದ ಬುಡದಲ್ಲಿದೆ. ಕಟ್ಟಿದ ರೀತಿ ವಿಚಿತ್ರ. ಒಂದು ಗುಡಿಯ ಕಾಲ ಮುಗಿದಾಗ ಅದನ್ನು ಕೆಡವುತ್ತಿರಲಿಲ್ಲ. ಕೋಣೆ, ಅಂಗಳಗಳನ್ನೆಲ್ಲ ಇಟ್ಟಿಗೆಯಿಂದ ಒತ್ತಾಗಿ ತುಂಬಿ, ಅದರ ಮೇಲೆ ಅದಕ್ಕಿಂತ ದೊಡ್ಡದನ್ನು ಕಟ್ಟುತ್ತಿದ್ದರು. ಹೀಗೆ ಒಂದರ ಮೇಲೊಂದು ಹಲವು ಗುಡಿ. 1991ರಲ್ಲಿ ಸ್ಯಾಂಟಿಯಾಗೊ ಉಸೆಡಾ ಮತ್ತು ರಿಕಾರ್ಡೊ ಮೊರಾಲೆಸ್ ಅಗೆತ ಶುರು ಮಾಡಿದಾಗ, ಆ ತುಂಬಿದ ಇಟ್ಟಿಗೆಯ ಹಿಂದೆ ಬಿಸಿಲು ಕಾಣದ ಕೆಂಪು, ಹಳದಿ, ಬಿಳಿ, ಕಪ್ಪು, ಬೂದುನೀಲಿ ಬಣ್ಣಗಳು ಹಾಗೇ ಉಳಿದಿದ್ದವು. ಕೋರೆಹಲ್ಲು ಬಿಟ್ಟುಕೊಂಡ ದೇವರ ಮುಖ ಒಳಗಿನ ಗೋಡೆಗಳ ಮೇಲೆ ಸಾಲುಸಾಲಾಗಿದೆ. ಹೊರಗಿನ ಉತ್ತರದ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಅದರ ಕೆಳಸಾಲಿನಲ್ಲಿ ಕೊರಳಿಗೆ ಹಗ್ಗ ಬಿಗಿದ ಬತ್ತಲೆ ಕೈದಿಗಳು, ಮೇಲೆ ಕೈ ಕೈ ಹಿಡಿದು ನಿಂತವರು, ಅದಕ್ಕೂ ಮೇಲೆ ಚೂರಿ ಹಿಡಿದ ಜೇಡ.

ಬಣ್ಣ ನೋಡಿ ಬೆರಗಾಗುವ ಭರದಲ್ಲಿ ಬಹಳ ಜನ ಇಟ್ಟಿಗೆಯನ್ನೇ ನೋಡುವುದಿಲ್ಲ. ಗೋಡೆ ಒಡೆದ ಕಡೆ ಬಗ್ಗಿ ನೋಡಿದರೆ ಕೆಲವು ಇಟ್ಟಿಗೆಯ ಮೇಲೆ ಚುಕ್ಕೆ, ಗೆರೆ, ಸುತ್ತು, ಪಾದ, ಹೀಗೆ ಏನಾದರೊಂದು ಗುರುತು ಇರುತ್ತದೆ. ಮಣ್ಣು ಹಸಿಯಿದ್ದಾಗ ಬೆರಳಿನಿಂದ ಒತ್ತಿದ ಇಂಥ ಗುರುತುಗಳು ನೂರಕ್ಕೂ ಹೆಚ್ಚು ಬಗೆಯವು ಸಿಕ್ಕಿವೆ. ಯಾವ ಊರಿನವರು ಎಷ್ಟು ಇಟ್ಟಿಗೆ ಕೊಟ್ಟರು ಎಂಬ ಲೆಕ್ಕಕ್ಕೆ ಈ ಗುರುತು ಎಂಬುದು ಸಂಶೋಧಕರ ಊಹೆ. ಗೋಡೆಯೂ ಒಂದೇ ಹಾಸಾಗಿಲ್ಲ. ಪಕ್ಕಪಕ್ಕ ನಿಲ್ಲಿಸಿದ ಕಂಬಗಳ ಹಾಗೆ, ನಡುವೆ ಸೀಳು ಬಿಟ್ಟು ತುಂಡುತುಂಡಾಗಿ ಎದ್ದಿದೆ. ಒಂದೊಂದು ತುಂಡು ಒಂದೊಂದು ತಂಡದ ಪಾಲಿನ ಕೆಲಸ.

ಎದುರಿಗಿರುವ ವಾಕಾ ದೆಲ್ ಸೋಲ್, ಸೂರ್ಯನ ಗುಡಿ, ಇದಕ್ಕಿಂತ ದೊಡ್ಡದು. ಅದಕ್ಕೆ ಹದಿಮೂರು, ಹದಿನಾಲ್ಕು ಕೋಟಿ ಇಟ್ಟಿಗೆ ಹಿಡಿದಿರಬೇಕು ಎಂಬ ಅಂದಾಜಿದೆ. ಈಗ ಉಳಿದಿರುವುದು ಮೂರರಲ್ಲೊಂದು ಪಾಲು. 1602ರ ಹೊತ್ತಿಗೆ ಒಳಗಿನ ಚಿನ್ನದ ಆಸೆಗೆ ಬಿದ್ದ ಸ್ಪೇನಿನವರು ಅಗೆಯುವ ತೊಂದರೆಯೇ ಬೇಡವೆಂದು ಮೊಚೆ ನದಿಯನ್ನೇ ಅದರ ಕಡೆಗೆ ತಿರುಗಿಸಿದರು. ಸುಡದ ಇಟ್ಟಿಗೆ ನೀರಿಗೆ ತಡೆದೀತೇ, ಕರಗಿ ಹೋಯಿತು. ಅದರ ಮೇಲೆ ಹತ್ತಲು ಬಿಡುವುದಿಲ್ಲ, ದೂರದಿಂದ ನೋಡಿ ಬರಬೇಕು.

ಮಧ್ಯಾಹ್ನ ಊರೊಳಗೆ. ಸ್ಪೇನಿನ ದಂಡನಾಯಕ ದಿಯೆಗೊ ದೆ ಅಲ್ಮಾಗ್ರೊ 1534ರಲ್ಲಿ ನೆಲೆಯೂರಿಸಿದ ಊರಿಗೆ, ಪೆರುವನ್ನು ಗೆದ್ದ ಫ್ರಾನ್ಸಿಸ್ಕೊ ಪಿಸಾರೊ ಹುಟ್ಟಿದೂರಿನ ಹೆಸರಿಟ್ಟರು. 1619ರ ಭೂಕಂಪ ಅದನ್ನು ನೆಲಸಮ ಮಾಡಿತ್ತು. ಲಿಮಾಕ್ಕಿಂತ ಮೊದಲೇ, 1820ರ ಡಿಸೆಂಬರ್ 29ರಂದು ಇಲ್ಲಿ ಸ್ವಾತಂತ್ರ್ಯ ಘೋಷಣೆಯಾಯಿತು. ದೊಡ್ಡ ಚೌಕದ ಸುತ್ತ ಹಳದಿ, ನೀಲಿ ಬಳಿದ ಮನೆಗಳಿಗೆ ಬಿಳಿಯ ಕಬ್ಬಿಣದ ಕಿಟಕಿಜಾಲರಿ. ಅರ್ಧ ಗಂಟೆ ಸಾಕು. ಸೋಮವಾರವಾಗಿದ್ದರೆ ಶಾಂಬರ್ ಬಿಡಬಾರದು: ಗೋಧಿ, ಕಡಲೆ, ಬಟಾಣಿ, ಅವರೆಯಂಥ ಕಾಳುಗಳನ್ನು ನೆನೆಸಿ ಹಂದಿಮಾಂಸದ ಜೊತೆ ಗಟ್ಟಿಯಾಗಿ ಬೇಯಿಸಿದ ಸಾರು, ಪಕ್ಕದಲ್ಲಿ ಹುರಿದ ಮೆಕ್ಕೆಜೋಳ. ಮಿಕ್ಕ ದಿನ ಹೋಟೆಲುಗಳಲ್ಲಿ ಇದು ಸಿಗುವುದು ಅಪರೂಪ. ಕಾಳಿದೆಯೆಂದು ಸಸ್ಯಾಹಾರಿಗಳು ಆಸೆಪಡಬೇಡಿ, ಮಾಂಸ ಕುದಿಯುವಾಗಲೇ ಬಿದ್ದಿರುತ್ತದೆ. ಜನವರಿ ಕೊನೆಯಲ್ಲಿ ಹೋಗುವವರು ಕೋಣೆಯನ್ನು ಮುಂಚೆಯೇ ಕಾದಿರಿಸಬೇಕು. ಕರವಸ್ತ್ರ ಬೀಸುತ್ತ, ಹೆಂಗಸರು ಬರಿಗಾಲಲ್ಲಿ ಕುಣಿಯುವ ಮರಿನೇರಾ ನೃತ್ಯದ ರಾಷ್ಟ್ರೀಯ ಸ್ಪರ್ಧೆ 1960ರಿಂದ ಇಲ್ಲೇ ನಡೆಯುತ್ತ ಬಂದಿದೆ.

ಊಟವಾದ ಮೇಲೆ ಚಾನ್ ಚಾನ್. ಕಡಲ ದಡದ ಮೀನುಗಾರರ ಊರು ವಾಂಚಾಕೊ ಕಡೆಯ ಬಸ್ಸು ಹೆದ್ದಾರಿಯಲ್ಲಿ ಇಳಿಸುತ್ತದೆ, ಅಲ್ಲಿಂದ ಒಳಗಿನ ಮಣ್ಣಿನ ದಾರಿ ಒಂದೂವರೆ, ಎರಡು ಕಿ.ಮೀ. ನಿರ್ಜನ ದಾರಿ, ಸುಲಿಗೆಯಾದದ್ದುಂಟು. ನಡೆಯದೆ ಕ್ರಾಸಿನಲ್ಲಿ ನಿಂತಿರುವ ಟ್ಯಾಕ್ಸಿ ಹಿಡಿಯಿರಿ. ಮೊಚೆ ಜನರ ನಂತರ ಇಲ್ಲಿ ಆಳಿದ ಚಿಮು ದೊರೆಗಳ ಈ ರಾಜಧಾನಿ ಸುಮಾರು 20 ಚದರ ಕಿ.ಮೀ. ಹರಡಿತ್ತು. 1470ರ ಆಸುಪಾಸಿನಲ್ಲಿ ಇಂಕಾಗಳು ಗೆದ್ದುಕೊಂಡರು. ಎತ್ತರದ ಗೋಡೆಯ ಹತ್ತರಷ್ಟು ಆವರಣಗಳಲ್ಲಿ ಪ್ರವಾಸಿಗರು ಸುತ್ತಿ ನೋಡುವುದು ನಿಕ್ ಆನ್ ಒಂದನ್ನು. ಗೋಡೆ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ, ಭೂಕಂಪಕ್ಕೆ ಅದೇ ಉಪಾಯ. ಒಳಗೆ ಮೀನುಬಲೆಯ ಕಣ್ಣಿನಂತೆ ತೂತುಬಿಟ್ಟು ಕಟ್ಟಿದ ಗೋಡೆಗಳು, ಹಕ್ಕಿಗಳ ಸಾಲು, ಅಲೆಯ ಗೆರೆ. ಒಂದು ಗೋಡೆಯ ಮೀನುಗಳು ಎರಡು ದಿಕ್ಕಿಗೆ ಈಜುವುದನ್ನು ತೋರಿಸಿ ಗೈಡುಗಳು ತಣ್ಣೀರಿನ ಪ್ರವಾಹ, ಬಿಸಿನೀರಿನ ಪ್ರವಾಹ ಎನ್ನುತ್ತಾರೆ. ಕೇಳಲು ಚೆಂದ, ಆದರೆ ಚಿಮು ಜನ ಬರೆದಿಟ್ಟದ್ದೇನೂ ಇಲ್ಲ. ಅಚ್ಚುಕಟ್ಟಾಗಿ ಕಾಣುವ ಉಬ್ಬುಚಿತ್ರಗಳಲ್ಲಿ ಈಚೆಗೆ ದುರಸ್ತಿ ಮಾಡಿದವೇ ಹೆಚ್ಚು. ಹಳೆಯದು ನೋಡಬೇಕೆಂದರೆ ರಕ್ಷಣೆಗೆ ಚಾವಣಿ ಹಾಕಿದ ಕಡೆ, ಅಂಚು ಸವೆದು ಮಸುಕಾದ ಭಾಗಗಳನ್ನು ಹುಡುಕಬೇಕು.

ನಿಕ್ ಆನ್‌ನಲ್ಲಿ ನನಗೆ ಮುಖ್ಯವೆನಿಸುವುದು ಹಿಂಭಾಗದ ದೊಡ್ಡ ಕೊಳ. ಮಳೆಯಿಲ್ಲದೂರಿನಲ್ಲಿ ನೆಲವನ್ನು ಅಂತರ್ಜಲ ಮುಟ್ಟುವವರೆಗೆ ತೋಡಿ ಮಾಡಿದ ಕೊಳ ಅದು, ಈಗಲೂ ಜೊಂಡು ಬೆಳೆದು ಹಸಿರಾಗಿದೆ. ಆ ನೀರೇ ಈಗ ಗೋಡೆಗೆ ಶತ್ರು. ಸುತ್ತಲಿನ ಹೊಲಗಳಿಗೆ ನೀರಾವರಿ ಬಂದ ಮೇಲೆ ಅಂತರ್ಜಲ ಏರಿತು. ಗೋಡೆ ತೇವವನ್ನು ಬುಡದಿಂದ ಮೇಲಕ್ಕೆ ಹೀರಿಕೊಳ್ಳುತ್ತದೆ, ಆರುವಾಗ ಅದರಲ್ಲಿದ್ದ ಉಪ್ಪು ಹರಳುಗಟ್ಟಿ ಮೇಲ್ಮೈಯನ್ನು ಪುಡಿಪುಡಿಯಾಗಿ ಉದುರಿಸುತ್ತದೆ. ಮೊಣಕಾಲೆತ್ತರದಲ್ಲಿ ಬಿಳಿ ಪೊರೆ ಕಂಡರೆ ಅದು ಸುಣ್ಣವಲ್ಲ, ಉಪ್ಪು. 1986ರಲ್ಲಿ ಯುನೆಸ್ಕೊ ಚಾನ್ ಚಾನನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಮತ್ತು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿದ್ದು ಒಟ್ಟಿಗೇ.

ಮೇಲಿನಿಂದ ನೀರು ಬೀಳುವುದು ಎಲ್ ನಿನ್ಯೊ ವರ್ಷಗಳಲ್ಲಿ, ಸಮುದ್ರ ಬಿಸಿಯಾದಾಗ. 1998ರಲ್ಲಿ ಸ್ಯಾನ್ ಇಲ್ಡೆಫೊನ್ಸೊ ಎಂಬ ಒಣಹಳ್ಳ ಉಕ್ಕಿ ಮಾಂಪುಯೆಸ್ಟೊ ಸ್ಮಶಾನದ ಶವಪೆಟ್ಟಿಗೆಗಳನ್ನು ಬೀದಿಗೆ ತಂದಿತ್ತು. 2017ರ ಮಾರ್ಚಿನಲ್ಲಿ ಅದೇ ಹಳ್ಳದ ಕೆಸರುನೆರೆ ಮತ್ತೆ ಮತ್ತೆ ಊರ ನಡುವೆ ನುಗ್ಗಿತು. ಒಣಗಿದ ಹಳ್ಳ ಸತ್ತ ಹಳ್ಳವೆಂದು ನಂಬಿ ಅದರ ದಾರಿಯಲ್ಲೇ ಮನೆ ಕಟ್ಟಿದ್ದರಿಂದ ಆದದ್ದು. ಈ ಭಯ ಹಳೆಯದು. ಚಂದ್ರನ ಗುಡಿಯಲ್ಲಿ ಬಲಿಯಾದವರ ಎಲುಬುಗಳಲ್ಲಿ ಕೆಲವು ಮಳೆಯ ಕೆಸರಿನಲ್ಲಿ ಹೂತಿದ್ದವು. ವಾಂಚಾಕೊ ಪಕ್ಕದ ಲಾಸ್ ಯಾಮಾಸ್‌ನಲ್ಲಿ ಸಿಕ್ಕ, 1450ರ ಸುಮಾರಿಗೆ ಬಲಿಕೊಟ್ಟ 140ಕ್ಕೂ ಹೆಚ್ಚು ಮಕ್ಕಳ ಮತ್ತು 200ಕ್ಕೂ ಹೆಚ್ಚು ಲಾಮಾಗಳ (ಒಂಟೆಯ ಜಾತಿಯ ಸಾಕುಪ್ರಾಣಿ) ಸಮಾಧಿಯೂ ಅಂಥದೇ ಕೆಸರಿನ ಪದರದಲ್ಲಿತ್ತು.

ಸಂಜೆಗೆ ಅದೇ ಬಸ್ಸಿನಲ್ಲಿ ಮುಂದೆ ಹೋದರೆ ವಾಂಚಾಕೊ. ದಡದಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿದ ಜೊಂಡಿನ ದೋಣಿಗಳಿಗೆ ಕಬಾಯಿತೊ, ಅಂದರೆ ಪುಟ್ಟ ಕುದುರೆ ಎಂದು ಹೆಸರು. ಒಳಗೆ ಕೂರುವುದಲ್ಲ, ಮೇಲೆ ಸವಾರಿ. ಮೊಚೆ ಮಡಕೆಗಳ ಮೇಲೂ ಇದರ ಚಿತ್ರವಿದೆ. ತೀರದ ಹೊಂಡಗಳಲ್ಲಿ ಬೆಳೆಸಿದ ತೊತೊರಾ ಜೊಂಡನ್ನು ಕೊಯ್ದು ಎರಡು ಮೂರು ವಾರ ಬಿಸಿಲಿಗೆ ಹರಡುತ್ತಾರೆ. ಆಮೇಲೆ ನಾಲ್ಕು ಕಟ್ಟು: ದಪ್ಪನೆಯ ಎರಡು 'ತಾಯಿ', ಸಣ್ಣ ಎರಡು 'ಮಗ'. ಅವನ್ನು ಹಗ್ಗದಿಂದ ಬಿಗಿಯಾಗಿ ಸುತ್ತಿ ಒಂದು ತುದಿಯನ್ನು ಮೇಲಕ್ಕೆ ಬಾಗಿಸುತ್ತಾರೆ. ಉದ್ದ ನಾಲ್ಕರಿಂದ ಐದು ಮೀಟರ್. ಹಿಂದುಗಡೆಯ ಗುಳಿಯಲ್ಲಿ ಬಲೆ, ಮೀನು. ಹುಟ್ಟಿನ ಬದಲು ಸೀಳಿದ ಬಿದಿರು. ಜೊಂಡು ಸರಿಯಾಗಿ ಒಣಗದಿದ್ದರೆ ದೋಣಿ ಬೇಗ ನೀರು ಕುಡಿದು ಭಾರವಾಗುತ್ತದೆ. ಮೂತಿ ಮೇಲೆ ಮಾಡಿ ನಿಲ್ಲಿಸುವುದು ಅಂದಕ್ಕಲ್ಲ, ನೀರು ಬಸಿಯಲಿ ಎಂದು. ಎಷ್ಟು ಜೋಪಾನ ಮಾಡಿದರೂ ಒಂದೆರಡು ತಿಂಗಳಲ್ಲಿ ಹೊಸದು ಕಟ್ಟಬೇಕು. ಹಾಗಾಗಿ ದೋಣಿ ಉಳಿಯುವುದು ಹೊಂಡ ಉಳಿದರೆ ಮಾತ್ರ. ಆದರೆ ದಕ್ಷಿಣದ ಸಲಾವೆರ್ರಿ ಬಂದರಿನ ತಡೆಗೋಡೆ ಮರಳಿನ ಸಾಗಾಟವನ್ನು ತಡೆದಿದ್ದರಿಂದ ಈ ತೀರ ಕೊರೆದು ಹೋಗುತ್ತಿದೆ, ಸಮುದ್ರ ಹೊಂಡಗಳ ಕಡೆಗೆ ಬರುತ್ತಿದೆ.

ಮೀನುಗಾರರು ಕಡಲಿಗಿಳಿಯುವುದು ಬೆಳಗ್ಗೆ. ಸಂಜೆ ಕಾಣುವ ಸವಾರಿ ಬಹುಪಾಲು ಪ್ರವಾಸಿಗರಿಗಾಗಿ. ಹಾಗಾಗಿ ರಾತ್ರಿ ಊರಿಗೆ ಮರಳದೆ ಇಲ್ಲೇ ಉಳಿಯುವುದು ಮೇಲು. ಇನ್ನೊಂದು ದಿನ ಕೈಯಲ್ಲಿದ್ದರೆ ಉತ್ತರದ ಎಲ್ ಬ್ರೂಹೊಗೆ ಹೋಗಬಹುದು. ತೋಳುಗಳ ಮೇಲೆ ಹಾವು, ಜೇಡಗಳ ಹಚ್ಚೆಯಿರುವ 'ಕಾವೊದ ಒಡತಿ'ಯ ದೇಹ ಅಲ್ಲಿಯ ಮ್ಯೂಸಿಯಂನಲ್ಲಿದೆ. ನೇರ ಬಸ್ಸಿಲ್ಲ, ಚೊಕೊಪೆಯಲ್ಲಿ ಇಳಿದು ಮಗ್ದಲೇನಾ ದೆ ಕಾವೊ ಕಡೆಯ ವಾಹನ ಹಿಡಿಯಬೇಕು.