ಕ್ಯಾಮೆರಾಕ್ಕಿಂತ ಮೊದಲು ಕಂಬಳಿ

ಈ ವಾರ ಎಡಿಟಿಂಗ್ ಕಲಿಯುವ ಹುಡುಗರ ಜೊತೆ ಕೂತು ‘ಬಾರ್ನ್ ಆಫ್ ಹೋಪ್’ ನೋಡಿದೆವು. ಟೋಲ್ಕಿನ್ ಬರೆದ ‘ದ ಲಾರ್ಡ್ ಆಫ್ ದ ರಿಂಗ್ಸ್’ ಕಾದಂಬರಿಯ ಲೋಕವನ್ನಿಟ್ಟುಕೊಂಡು ಅಭಿಮಾನಿಗಳೇ ಮಾಡಿದ ಚಿತ್ರ, ಅಂದರೆ ಫ್ಯಾನ್ ಫಿಲ್ಮ್. ಹುಲ್ಲು ಹೊದಿಸಿದ ಮನೆಗಳ ಹಳ್ಳಿ ಬಂದ ತಕ್ಷಣ ಒಬ್ಬ ಚಿತ್ರ ನಿಲ್ಲಿಸಿದ.

“ಸಾರ್, ಈ ಊರು ಸೆಟ್ಟಾ, ಕಂಪ್ಯೂಟರ್ ಗ್ರಾಫಿಕ್ಸಾ?”

“ಎರಡೂ ಅಲ್ಲ. ಮ್ಯೂಸಿಯಂ.”

“ಮ್ಯೂಸಿಯಂ ಅಂದ್ರೆ ಗಾಜಿನ ಪೆಟ್ಟಿಗೆ ಅಲ್ವಾ ಸಾರ್?” ಅಂತ ಹಿಂದಕ್ಕೆ ಓಡಿಸಿ ಮತ್ತೆ ನೋಡಿದ. ಮತ್ತೆ ನಿಲ್ಲಿಸಿದ. ಚುರುಕು ಹುಡುಗ, ಅನುಮಾನ ಜಾಸ್ತಿ. ಈ ಕೆಲಸಕ್ಕೆ ಅಂಥವರೇ ಬೇಕು.

ಆ ಊರು ಇಂಗ್ಲೆಂಡಿನ ಸಫೋಕ್‌ನಲ್ಲಿರುವ ವೆಸ್ಟ್ ಸ್ಟೋ. 1965ರಿಂದ 1972ರವರೆಗೆ ಅಲ್ಲಿ ಉತ್ಖನನ ನಡೆದಾಗ ಐದರಿಂದ ಏಳನೇ ಶತಮಾನದ ಆಂಗ್ಲೋ-ಸ್ಯಾಕ್ಸನ್ ಹಳ್ಳಿ ಸಿಕ್ಕಿತು. ಸಿಕ್ಕಿತು ಅಂದರೆ ಗೋಡೆಯೂ ಇಲ್ಲ, ಚಾವಣಿಯೂ ಇಲ್ಲ. ಮರಳಿನಲ್ಲಿ ಗುಂಡಿಗಳು, ಕಂಬ ನಿಂತಿದ್ದ ಕಡೆ ಕಪ್ಪು ಕಲೆಗಳು, ಅಷ್ಟೆ. ಆ ಗುರುತುಗಳನ್ನು ಹಿಡಿದು, ಆ ಕಾಲದ ಉಪಕರಣ, ಆ ಕಾಲದ ಸಾಮಗ್ರಿ ಬಳಸಿ ಅದೇ ಜಾಗದಲ್ಲಿ ಮನೆ ಕಟ್ಟಿದರು. ಗುಂಡಿಯ ತಳವೇ ನೆಲವಾಗಿತ್ತೋ, ಮೇಲೆ ಹಲಗೆ ಹಾಸಿದ್ದರೋ ಎಂದು ಒಂದೊಂದು ಮನೆಯನ್ನು ಒಂದೊಂದು ರೀತಿ ಕಟ್ಟಿ ನೋಡಿದರು.

ಫ್ಯಾನ್ ಫಿಲ್ಮ್ ಮಾಡುವವರ ಕೆಲಸವೂ ಇದೇ ಎಂದು ಆವತ್ತಿನಿಂದ ಅನ್ನಿಸುತ್ತಲೇ ಇದೆ. ಕಾದಂಬರಿಯ ನಾಯಕರಲ್ಲೊಬ್ಬನಾದ ಅರಗಾರ್ನ್‌ನ ತಂದೆ ತಾಯಿಯ ಕತೆ ಮೂಲ ಪುಸ್ತಕದಲ್ಲಿರುವುದು ಅನುಬಂಧದ ಕೆಲವು ಸಾಲುಗಳಲ್ಲಿ. ಕೇಟ್ ಮ್ಯಾಡಿಸನ್ ಅಷ್ಟನ್ನೇ ಹಿಡಿದು ಈ 70 ನಿಮಿಷದ ಚಿತ್ರ ಕಟ್ಟಿದರು. ಸುಮಾರು 25,000 ಪೌಂಡ್, ಅದರಲ್ಲೂ ಸ್ವಂತ ಉಳಿತಾಯದ ಜೊತೆ ಅಭಿಮಾನಿಗಳು ಕೊಟ್ಟದ್ದು. 2009ರಲ್ಲಿ ಉಚಿತವಾಗಿ ಬಿಡುಗಡೆ ಮಾಡಿದರು. ನಿರ್ದೇಶನವೂ ಅವರದೇ, ಒಂದು ಮುಖ್ಯ ಪಾತ್ರವೂ ಅವರದೇ. ನನ್ನ ಮಟ್ಟಿಗೆ ಅವರ ದೊಡ್ಡ ಗುಣ ಎಲ್ಲಿ ಖರ್ಚು ಮಾಡಬಾರದು ಎಂದು ಗೊತ್ತಿದ್ದದ್ದು. ಶತಮಾನಗಳ ಹಿಂದಿನ ಊರೊಂದು ಹೊಸದಾಗಿ ಎದ್ದು ನಿಂತಿರುವಾಗ ಥರ್ಮಾಕೋಲ್ ಕೊರೆಯುವುದು ಯಾಕೆ?

ಹುಡುಗರು ಮೊದಲು ಕೇಳುವುದು ಕ್ಯಾಮೆರಾ ಯಾವುದು ಅಂತ. ಮೊದಲು ಕೇಳಬೇಕಾದ್ದು ಬೇರೆ: ಈ ವಸ್ತುವನ್ನು ಆ ಲೋಕದಲ್ಲಿ ಯಾರು ಮಾಡಿದರು, ಯಾವುದರಿಂದ? ಕಾಡಿನಲ್ಲಿ ಅಲೆಯುವವನ ಮೇಲಂಗಿಗೆ ಪಾಲಿಯೆಸ್ಟರ್ ತಂದರೆ ಬಿಸಿಲಿನಲ್ಲಿ ಮಿಂಚಿ ಸಿಕ್ಕಿಬೀಳುತ್ತದೆ. ನಮ್ಮಲ್ಲಿ ಮಾಡುವವರಿಗೆ ಚಳ್ಳಕೆರೆ ಕಡೆಯ ಕೈಮಗ್ಗದ ಕುರಿ ಕಂಬಳಿಗಿಂತ ಒಳ್ಳೆಯ ಬಟ್ಟೆ ಇಲ್ಲ. ನೂಲಿಗೆ ಹುಣಸೆಬೀಜದ ಗಂಜಿ ಹಾಕಿರುವುದರಿಂದ ಹೊಸ ಕಂಬಳಿ ತಗಡಿನ ಹಾಗೆ ನಿಲ್ಲುತ್ತದೆ. ರಾತ್ರಿಯೆಲ್ಲ ತಣ್ಣೀರಲ್ಲಿ ನೆನೆಸಿ, ಗಂಜಿ ಬಿಡುವವರೆಗೆ ಜಾಲಾಡಿ, ನೆರಳಲ್ಲಿ ಒಣಗಿಸಿದರೆ ಭುಜದ ಮೇಲಿಂದ ಇಳಿಬೀಳುತ್ತದೆ. ಬಿಸಿನೀರು ಬೇಡ, ಉಣ್ಣೆ ಕುಗ್ಗುತ್ತದೆ. ಆಮೇಲೆ ಅಂಚು, ಮೊಣಕೈ, ಚರ್ಮದ ಪಟ್ಟಿ ಉಜ್ಜುವ ಭುಜ, ಇಷ್ಟು ಕಡೆ ಮಾತ್ರ ತಂತಿ ಬ್ರಷ್ಷಿನಿಂದ ಸವೆಸಬೇಕು. ಎಲ್ಲ ಕಡೆ ಒಂದೇ ಸಮ ಸವೆದ ಬಟ್ಟೆ ಹೊಸ ಬಟ್ಟೆಗಿಂತ ದೊಡ್ಡ ಸುಳ್ಳು. ಒಳಗಿನ ಬಿಳಿ ಹತ್ತಿಯಂಗಿಯನ್ನು ಟೀ ಡಿಕಾಕ್ಷನ್‌ನಲ್ಲಿ ಅದ್ದಿ ತೆಗೆಯಿರಿ, ಇಲ್ಲದಿದ್ದರೆ ಬಿಸಿಲಲ್ಲಿ ಮುಖಕ್ಕಿಂತ ಅದೇ ಹೊಳೆಯುತ್ತದೆ.

ಸಣ್ಣ ಉಂಗುರಗಳನ್ನು ಒಂದಕ್ಕೊಂದು ಕೋದು ಮಾಡುವ ಯೋಧರ ಕವಚ ಉಕ್ಕಿನದಾದರೆ 10 ಕಿಲೋ ಆಸುಪಾಸು. ರಂಗಭೂಮಿಯವರ ಉಪಾಯ ದಪ್ಪ ಹತ್ತಿ ಹುರಿಯನ್ನು 8ರಿಂದ 10 ಮಿಲಿಮೀಟರ್ ಕಡ್ಡಿಯಲ್ಲಿ ಸಡಿಲವಾಗಿ ಹೆಣೆಯುವುದು. ಇಲ್ಲಿ ಎಲ್ಲರೂ ಎಡವುವುದು ನೇರವಾಗಿ ಬೆಳ್ಳಿ ಬಣ್ಣ ಸ್ಪ್ರೇ ಮಾಡಿ. ಮೊದಲು ಪೂರ್ತಿ ಕಪ್ಪು ಹಚ್ಚಿ ಒಣಗಿಸಿ. ಆಮೇಲೆ ಬ್ರಷ್ಷಿನ ಬೆಳ್ಳಿ ಬಣ್ಣವನ್ನು ಪೇಪರಿಗೆ ಒರೆಸಿ, ಉಳಿದಷ್ಟನ್ನು ಮಾತ್ರ ಉಬ್ಬಿನ ಮೇಲೆ ತೇಲಿಸಿ. ಕುಳಿಯಲ್ಲಿ ಕಪ್ಪು ಉಳಿದರೆ ಮಾತ್ರ ಲೋಹ ಅನ್ನಿಸುತ್ತದೆ. ಸೊಂಟಕ್ಕೆ ಬೆಲ್ಟ್ ಬಿಗಿಯಲೇಬೇಕು. ಮಳೆ ಬಿದ್ದರೆ ನೀರು ಕುಡಿದು ಮೊಣಕಾಲಿನವರೆಗೆ ಜೋತುಬೀಳುತ್ತದೆ.

ಓರ್ಕ್ ಅಂದರೆ ಈ ಕತೆಗಳ ವಿಕಾರ ಮುಖದ ರಾಕ್ಷಸ ಸೈನಿಕ. ಅದರ ಮುಖವಾಡಕ್ಕೆ ನಟನ ಮುಖದ ಅಚ್ಚು ಬೇಕು. ಅಚ್ಚು ತೆಗೆಯಲು ನೀರಲ್ಲಿ ಕಲಸಿ ಮುಖಕ್ಕೆ ಹಚ್ಚುವ ಆಲ್ಜಿನೇಟ್ ಪುಡಿ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ನೀರು ಬೆಚ್ಚಗಿದ್ದಷ್ಟೂ ಬೇಗ, ಹಾಗಾಗಿ ಬೇಸಗೆಯಲ್ಲಿ ಫ್ರಿಜ್ ನೀರು. ಮೂಗಿನ ಹೊಳ್ಳೆ ತೆರೆದಿದೆಯೇ ಎಂದು ನೋಡುವುದಕ್ಕೇ ಒಬ್ಬರನ್ನು ನಿಲ್ಲಿಸಿ, ಅವರಿಗೆ ಬೇರೆ ಕೆಲಸ ಕೊಡಬೇಡಿ. ಅಚ್ಚು ಬಿಡಿಸಿದ ಕೂಡಲೇ ಪ್ಲಾಸ್ಟರ್ ಸುರಿಯಬೇಕು. ಊಟ ಮುಗಿಸಿ ಬರೋಣ ಅಂದರೆ ಆಲ್ಜಿನೇಟ್ ಒಣಗಿ ಕುಗ್ಗಿ ಮುಖವೇ ಬೇರೆಯಾಗಿರುತ್ತದೆ. ಆ ಪ್ಲಾಸ್ಟರ್ ಮುಖದ ಮೇಲೆ ಜೇಡಿಮಣ್ಣಿನಲ್ಲಿ ಓರ್ಕ್ ಮುಖ ತಿದ್ದಿ ಅದರ ಅಚ್ಚು ತೆಗೆಯುವುದು. ಆ ಅಚ್ಚಿನೊಳಗೆ ಲ್ಯಾಟೆಕ್ಸನ್ನು, ಅಂದರೆ ದ್ರವ ರಬ್ಬರನ್ನು, ತೆಳು ಪದರಗಳಲ್ಲಿ ಹಚ್ಚಿ, ಪ್ರತಿ ಪದರ ಒಣಗಲು ಬಿಡಿ. ಬರೀ ಅಕ್ರಿಲಿಕ್ ಬಣ್ಣ ಬಳಿದರೆ ನಟ ಬಾಯಿ ತೆರೆದ ಕೂಡಲೇ ಬಿರಿಯುತ್ತದೆ. ಬಣ್ಣಕ್ಕೂ ಲ್ಯಾಟೆಕ್ಸ್ ಬೆರೆಸಬೇಕು.

ಆರು ಮುಖವಾಡದಿಂದ ಇಪ್ಪತ್ತನಾಲ್ಕು ಓರ್ಕ್‌ಗಳನ್ನು ಮಾಡಬಹುದು. ಟ್ರೈಪಾಡ್ ಅಲುಗಬಾರದು. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರೂ ಮ್ಯಾನುವಲ್. ಅದೇ ಆರು ಜನರನ್ನು ನಾಲ್ಕು ಜಾಗದಲ್ಲಿ ನಿಲ್ಲಿಸಿ ನಾಲ್ಕು ಸಲ ತೆಗೆದು ಎಡಿಟಿಂಗ್‌ನಲ್ಲಿ ಕೂಡಿಸುವುದು. ಒಬ್ಬರ ನೆರಳು ಇನ್ನೊಬ್ಬರ ಜಾಗಕ್ಕೆ ಬೀಳಬಾರದು. ಬಿಸಿಲಿದ್ದರೆ ಬೇಗ ಮುಗಿಸಿ, ನೆರಳಿನ ದಿಕ್ಕು ಬದಲಾದರೆ ಹೊಲಿಗೆ ಕಾಣುತ್ತದೆ. ಮೋಡದ ದಿನವೇ ಕ್ಷೇಮ.

ಕಾಳಗಕ್ಕೆ ಅಲ್ಯೂಮಿನಿಯಂ ಕತ್ತಿ, ಅಂಚು ಮೊಂಡಾಗಿ ಗುಂಡಗಿರಬೇಕು. ಪ್ರತಿ ಹೊಡೆತದ ನಂತರ ಅಂಚಿನಲ್ಲಿ ಏಳುವ ಮುಳ್ಳನ್ನು ಅರದಿಂದ ತೆಗೆಯದಿದ್ದರೆ ಕೈ ಸೀಳುತ್ತದೆ. ಸದ್ದು ಮಂಕು, ಅದನ್ನು ಉಕ್ಕು ಬಡಿದು ಬೇರೆಯಾಗಿ ರೆಕಾರ್ಡ್ ಮಾಡಿ ಸೇರಿಸುವುದು.

ಇನ್ನು ಕಾಪಿರೈಟ್ ಹಕ್ಕಿನ ವಿಚಾರ, ಹುಡುಗರು ಕೇಳದೆಯೇ ಹೇಳಿದ್ದು. ಟೋಲ್ಕಿನ್ ತೀರಿಕೊಂಡದ್ದು 1973ರಲ್ಲಿ. ನಮ್ಮ ಕಾನೂನಿನಲ್ಲಿ ಹಕ್ಕು ಉಳಿಯುವುದು ಲೇಖಕರ ಮರಣದ ನಂತರ 60 ವರ್ಷ, ಬ್ರಿಟನ್ನಿನಲ್ಲಿ 70. ಉಚಿತವಾಗಿ ತೋರಿಸಿದರೂ ಹಕ್ಕು ಹಕ್ಕುದಾರರದೇ. ಕ್ರಿಸ್ ಬುಶಾರ್ಡ್ ಸುಮಾರು 3,000 ಪೌಂಡ್‌ನಲ್ಲಿ ಮಾಡಿದ ‘ದ ಹಂಟ್ ಫಾರ್ ಗೊಲ್ಲಮ್’ ಎಂಬ ಇನ್ನೊಂದು ಫ್ಯಾನ್ ಫಿಲ್ಮ್ 2009ರಿಂದ ಉಚಿತವಾಗಿಯೇ ಇತ್ತು. 2024ರಲ್ಲಿ ಅದೇ ಹೆಸರಿನ ದೊಡ್ಡ ಚಿತ್ರ ಘೋಷಣೆಯಾದಾಗ ಯೂಟ್ಯೂಬಿನಿಂದ ಕೆಲಹೊತ್ತು ಮರೆಯಾಗಿ ಮತ್ತೆ ಬಂತು. ಹಾಗಾಗಿ ಟಿಕೆಟ್ ಇಡಬೇಡಿ, ಜಾಹೀರಾತು ಹಾಕಬೇಡಿ, ದೊಡ್ಡ ಚಿತ್ರಗಳ ಕವಚ, ಲಾಂಛನ, ಸಂಗೀತ ಯಾವುದನ್ನೂ ನಕಲು ಮಾಡಬೇಡಿ. ಮಾಸ್ಟರ್ ಫೈಲ್, ನಟರ ಒಪ್ಪಿಗೆ ಪತ್ರ, ಸಂಗೀತಗಾರರ ಒಪ್ಪಿಗೆ ಪತ್ರ ಎಲ್ಲವನ್ನೂ ಎರಡು ಹಾರ್ಡ್ ಡಿಸ್ಕ್‌ನಲ್ಲಿ ಬೇರೆ ಬೇರೆ ಮನೆಯಲ್ಲಿ ಇಡಿ.